ಪ್ರೇರಿ ಡಾಗ್ ಹೊಡೆಯಲು ಮೊದಲ ರೈಫಲ್: .17 ಎಚ್‌ಎಂಆರ್, .223, .22-250, ಯಾವ ತೋಟಾ?

ಎಚ್-1ಬಿ ವೀಸಾದಲ್ಲಿ ಅಮೆರಿಕದ ವ್ಯೋಮಿಂಗ್‌ಗೆ ಬಂದಿದ್ದೀರಿ, ಸಹೋದ್ಯೋಗಿ ತಮ್ಮ ರಾಂಚ್‌ಗೆ ಪ್ರೇರಿ ಡಾಗ್ ಹೊಡೆಯಲು ಕರೆದಿದ್ದಾರೆ, ಈ ಮೂರರಲ್ಲಿ ಯಾವ ತೋಟಾದ ರೈಫಲ್ ಕೊಳ್ಳಲಿ ಅಂತ ಕೇಳಿದ್ದೀರಿ. (ಹೆಸರಿನ ಮೊದಲ ಅಂಕಿ ಗುಂಡಿನ ದಪ್ಪ, ಸುಮಾರಾಗಿ ಇಂಚಿನ ಲೆಕ್ಕದಲ್ಲಿ.) .223 ರೆಮಿಂಗ್ಟನ್ ತಗೊಳ್ಳಿ. ನಾನು ಮೊದಲು ತಗೊಂಡದ್ದು ಅದಲ್ಲ, ಅದಕ್ಕೇ ಇಷ್ಟು ಧೈರ್ಯವಾಗಿ ಹೇಳುತ್ತಿದ್ದೇನೆ.

ಪ್ರೇರಿ ಡಾಗ್ ಹೆಸರಿಗಷ್ಟೇ ನಾಯಿ. ಬಿಲ ತೋಡಿಕೊಂಡು ಇರುವ, ಒಂದು ಕೆ.ಜಿ. ಆಸುಪಾಸಿನ ಅಳಿಲು ಜಾತಿ ಅದು. ಕೊಡಗಿನ ನಮ್ಮ ಮನೆಯ ತೋಟಾ ಕೋವಿ ವರ್ಷಕ್ಕೆ ನಾಲ್ಕೈದು ಸಲ ಸದ್ದು ಮಾಡಿದರೆ ಹೆಚ್ಚು. ಕೈಲ್ ಪೊಳ್ದ್ (ಕೊಡವರ ಆಯುಧ ಪೂಜೆಯ ಹಬ್ಬ) ದಿನ ತೆಂಗಿನಕಾಯಿಗೆ ಒಂದೆರಡು ಈಡು, ಮತ್ತೆ ಮಂಗ ಹೆದರಿಸಲು ಗಾಳಿಯಲ್ಲಿ ಒಂದು. ಇಲ್ಲಿ ಲೆಕ್ಕವೇ ಬೇರೆ. ಬಯಲಲ್ಲಿ ಮೇಜು ಹಾಕಿಕೊಂಡು ಕೂತರೆ ಒಂದೇ ಬೆಳಿಗ್ಗೆ ನೂರು, ಇನ್ನೂರು ತೋಟಾ ಖಾಲಿಯಾಗುತ್ತವೆ. ವೇಗ ಆಮೇಲೆ, ಮೊದಲು ಇದನ್ನು ನೋಡಬೇಕು.

ನಾನು ವೇಗ ನೋಡಿ ಮರುಳಾಗಿ ಮೊದಲು .22-250 ಕೊಂಡವನು. 55 ಗ್ರೇನ್ (ಸುಮಾರು ಮೂರೂವರೆ ಗ್ರಾಂ) ಗುಂಡು .22-250ರಲ್ಲಿ ಸೆಕೆಂಡಿಗೆ ಸುಮಾರು 3,680 ಅಡಿ ಹೋಗುತ್ತದೆ. .223ರಲ್ಲಿ 3,240. ಕಾಗದದ ಮೇಲೆ ಇದು ಭಾರಿ ವ್ಯತ್ಯಾಸ, ಅಲ್ವಾ? ಆದರೆ ಎರಡರ ಗುಂಡಿನ ದಪ್ಪ ಒಂದೇ, ನಳಿಗೆಯ ತೂತೂ ಒಂದೇ. ಮದ್ದು ಮಾತ್ರ .223ಕ್ಕೆ 25 ಗ್ರೇನ್ ಹತ್ತಿರ, .22-250ಕ್ಕೆ 35ರ ಹತ್ತಿರ. ಅಷ್ಟು ಬೆಂಕಿ ಅದೇ ಸಣ್ಣ ತೂತಿನಲ್ಲಿ ಹಾಯಬೇಕು. ತೋಟಾದ ಎರಡನೇ ಪೆಟ್ಟಿಗೆ ಮುಗಿಯುವಷ್ಟರಲ್ಲಿ ನಳಿಗೆ ಮುಟ್ಟಲು ಆಗುತ್ತಿರಲಿಲ್ಲ. ಸ್ಕೋಪಿನ ಮುಂದೆ ಬಿಸಿಗಾಳಿ ಎದ್ದು, ದೂರದ ಪ್ರಾಣಿ ನೀರೊಳಗೆ ಕುಣಿದ ಹಾಗೆ ಕಾಣುತ್ತಿತ್ತು. ಆರಲು ಬಿಡಬೇಕಿತ್ತು, ನಾನು ಬಿಡಲಿಲ್ಲ. ಮೂರು ಬೇಸಿಗೆಯಲ್ಲಿ, ನೂರು ಗಜಕ್ಕೆ ಒಂದಿಂಚಿನೊಳಗೆ ಬೀಳುತ್ತಿದ್ದ ಗುಂಡುಗಳು ಎರಡೂವರೆ ಇಂಚು ಹರಡಿಕೊಂಡವು. ಕೋವಿ ರಿಪೇರಿಯವರು ಸಣ್ಣ ಕ್ಯಾಮೆರಾ ತೂರಿಸಿ ನಳಿಗೆಯ ಒಳಗು ತೋರಿಸಿದರು. ತೋಟಾ ಕೂರುವ ಜಾಗದ ಮುಂದೆ ಉಕ್ಕು ಬೇಸಿಗೆಯ ಕೆರೆಯಂಗಳದ ಹಾಗೆ ಬಿರುಕು ಬಿಟ್ಟಿತ್ತು. ಹೊಸ ನಳಿಗೆಯ ಖರ್ಚು ಕೇಳಿದ ಮೇಲೆ .223 ಕೊಂಡೆ.

.17 ಎಚ್‌ಎಂಆರ್ ಕೆಟ್ಟದ್ದಲ್ಲ. .22 ಮ್ಯಾಗ್ನಮ್ ತೋಟಾದ ಕತ್ತನ್ನು ಕಿರಿದು ಮಾಡಿ 2002ರಲ್ಲಿ ಹಾರ್ನಡಿ ಕಂಪನಿಯವರು ತಂದದ್ದು. 17 ಗ್ರೇನ್ ಗುಂಡು, 2,550 ಅಡಿ ವೇಗ, ಸದ್ದು ಕಡಿಮೆ, ಭುಜಕ್ಕೆ ಒದೆತವೇ ಇಲ್ಲ. 150 ಗಜದೊಳಗೆ ಬಹಳ ಖುಷಿ ಕೊಡುತ್ತದೆ. ಆದರೆ ನೀವಿರುವುದು ವ್ಯೋಮಿಂಗ್, ಅಲ್ಲಿ ಗಾಳಿ ಸುಮ್ನೆ ಇರುವ ದಿನವೇ ಅಪರೂಪ. ಅಡ್ಡಕ್ಕೆ ಗಂಟೆಗೆ ಹತ್ತು ಮೈಲಿ ಗಾಳಿ ಬೀಸಿದರೂ 200 ಗಜದಲ್ಲಿ ಈ ಪುಟ್ಟ ಗುಂಡು ಒಂದಡಿಗೂ ಜಾಸ್ತಿ ಪಕ್ಕಕ್ಕೆ ಹೋಗುತ್ತದೆ. .223 ಸುಮಾರು ನಾಲ್ಕು ಇಂಚು. ಅದೂ ಅಲ್ಲದೆ ಎಚ್‌ಎಂಆರ್‌ನ ಖಾಲಿ ತೋಟಾ ಮತ್ತೆ ತುಂಬಲು ಬರುವುದಿಲ್ಲ.

ನೀವು ಕೇಳದ ಒಂದಿದೆ, .204 ರೂಗರ್. 32 ಗ್ರೇನ್ ಗುಂಡಿಗೆ 4,225 ಅಡಿ ವೇಗ. ಒದೆತ ಎಷ್ಟು ಕಡಿಮೆ ಅಂದರೆ ಗುಂಡು ಬಿದ್ದ ಜಾಗದ ಧೂಳು ಸ್ಕೋಪಿನಲ್ಲೇ ಕಾಣುತ್ತದೆ. ನನಗೆ ಆಸೆ ಇದ್ದೇ ಇದೆ. ಆದರೆ ಸಣ್ಣ ಊರಿನ ಅಂಗಡಿಯಲ್ಲಿ .223 ಸಿಕ್ಕಷ್ಟು ಸುಲಭವಾಗಿ ಅದು ಸಿಗುವುದಿಲ್ಲ, ಬೆಲೆಯೂ ಜಾಸ್ತಿ.

.223ಕ್ಕೆ 40ರಿಂದ 55 ಗ್ರೇನ್‌ನ, ತುದಿಗೆ ಪ್ಲಾಸ್ಟಿಕ್ ಇರುವ ವಿ-ಮ್ಯಾಕ್ಸ್ ಥರದ ಗುಂಡು ಹಾಕಿ. ಬಡಿದ ಕೂಡಲೇ ಚೂರಾಗುತ್ತದೆ. ಅಗ್ಗ ಅಂತ ಪೂರ್ತಿ ತಾಮ್ರ ಹೊದಿಸಿದ ಮಿಲಿಟರಿ ಥರದ್ದು ಬೇಡ. ಅದು ಕಲ್ಲಿಗೆ ಬಡಿದರೆ ಎತ್ತ ಚಿಮ್ಮುತ್ತದೋ ಹೇಳಲಾಗದು, ರಾಂಚಿನಲ್ಲಿ ದನಗಳಿರುತ್ತವೆ. ನಳಿಗೆಯ ಮೇಲೆ .223 ಅಂತ ಮಾತ್ರ ಇದ್ದರೆ, ನೋಡಲು ಅದೇ ಥರ ಇರುವ ಮಿಲಿಟರಿಯ 5.56 ತೋಟಾ ಹಾಕಬೇಡಿ, ಒಳಗೆ ಒತ್ತಡ ಮಿತಿಮೀರಬಹುದು. ಸತ್ತ ಪ್ರಾಣಿಯನ್ನು ಹದ್ದುಗಳು ತಿಂದು ಗುಂಡಿನ ಸೀಸವೂ ಅವುಗಳ ಹೊಟ್ಟೆಗೆ ಹೋಗುತ್ತದೆ. ಕೈಯಲ್ಲಿ ಕಾಸಿದ್ದರೆ ಸೀಸವಿಲ್ಲದ ಗುಂಡು ನೋಡಿ.

ರೈಫಲ್ ಮುಟ್ಟುವ ಮೊದಲು ಇನ್ನೊಂದು ಕೆಲಸ. ಎಚ್-1ಬಿಯಲ್ಲಿ ಇರುವವರು ಕೋವಿ, ತೋಟಾ ಇಟ್ಟುಕೊಳ್ಳುವುದು ಫೆಡರಲ್ ಕಾನೂನಿನಲ್ಲಿ ಅಪರಾಧ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. ವ್ಯೋಮಿಂಗ್‌ನಲ್ಲಿ ಪ್ರೇರಿ ಡಾಗ್‌ಗೆ ಲೈಸೆನ್ಸ್ ಬೇಡ ಅಂತ ಸಹೋದ್ಯೋಗಿ ಹೇಳಬಹುದು. ಅವರಿಗೆ ಬೇಡ, ನಿಮಗೆ ಬೇಕು. ಅವಧಿ ಮುಗಿದದ್ದು ನಡೆಯುವುದಿಲ್ಲ.

ಹೊಡೆದದ್ದನ್ನು ಬರಿಗೈಯಲ್ಲಿ ಎತ್ತಲು ಹೋಗಬೇಡಿ. ಅದರ ಮೈಮೇಲಿನ ಚಿಗಟಗಳಲ್ಲಿ ಪ್ಲೇಗ್ ಇರಬಹುದು. ನಮ್ಮ ಕಡೆ ಪ್ಲೇಗಮ್ಮನಿಗೆ ಗುಡಿ ಕಟ್ಟಿಸಿದ ಅದೇ ಪ್ಲೇಗ್.