ಓದುಗರ ಪ್ರಶ್ನೆ: ಸಣ್ಣ ಕಾರಿಗೆ ದುಬಾರಿ ಪೆಟ್ರೋಲ್ ಬೇಕೆ?

ಪ್ರಶ್ನೆ: ನನ್ನದು 2014ರ ಮಾದರಿಯ, 796 ಸಿಸಿ ಎಂಜಿನ್ನಿನ ಪುಟ್ಟ ಕಾರು. ತಿಂಗಳಿಗೆರಡು ಬಾರಿ ಮನೆಮಂದಿಯನ್ನು ಕೂರಿಸಿಕೊಂಡು ಚಾರ್ಮಾಡಿ ಘಾಟಿ ಹತ್ತಿ ಮೂಡಿಗೆರೆಗೆ ಹೋಗುತ್ತೇನೆ. ಏರಿನಲ್ಲಿ ಎಂಜಿನ್ ಕಟಕಟ ಸದ್ದು ಮಾಡುತ್ತದೆ. ಲೀಟರಿಗೆ ಎಂಟು ರೂಪಾಯಿ ಹೆಚ್ಚು ಕೊಟ್ಟು ಪ್ರೀಮಿಯಂ ಪೆಟ್ರೋಲ್ ಹಾಕಿಸಿದರೆ ಸದ್ದು ನಿಂತು ಮೈಲೇಜ್ ಕೂಡ ಹೆಚ್ಚುತ್ತದೆ ಎಂದು ಬಂಕಿನಲ್ಲಿ ಹೇಳುತ್ತಾರೆ. ಇದು ನಿಜವೇ?
– ಓದುಗರೊಬ್ಬರು, ಬೆಳ್ತಂಗಡಿ

ಉತ್ತರ: ಸದ್ದು ಕಡಿಮೆಯಾಗಬಹುದು. ಮೈಲೇಜಿನ ಮಾತನ್ನು ಮಾತ್ರ ನಂಬಬೇಡಿ.

ಬಂಕಿನಲ್ಲಿ ಕಾಣುವ 91, 95 ಎಂಬ ಅಂಕಿಗಳು ಆಕ್ಟೇನ್ ಸಂಖ್ಯೆಗಳು. ಅವು ಪೆಟ್ರೋಲಿನ ಶಕ್ತಿಯನ್ನಲ್ಲ, ಅದರ ತಾಳ್ಮೆಯನ್ನು ಅಳೆಯುತ್ತವೆ. ಸಿಲಿಂಡರಿನೊಳಗೆ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಒತ್ತಿದಾಗ ಅದು ಬಿಸಿಯಾಗುತ್ತದೆ. ಪ್ಲಗ್ಗಿನ ಕಿಡಿಯಿಂದ ಹೊತ್ತಿದ ಜ್ವಾಲೆ ತಲುಪುವ ಮೊದಲೇ ಮೂಲೆಯಲ್ಲಿ ಉಳಿದ ಮಿಶ್ರಣ ತಾನಾಗಿಯೇ ಸಿಡಿದರೆ, ನೀವು ಕೇಳುತ್ತಿರುವ ಆ ಸದ್ದು, ಅಂದರೆ ಮೆಕ್ಯಾನಿಕ್‌ಗಳು ನಾಕಿಂಗ್ ಎನ್ನುವುದು, ಉಂಟಾಗುತ್ತದೆ. ಐಸೊ-ಆಕ್ಟೇನ್‌ಗೆ 100, ಸುಲಭವಾಗಿ ಸಿಡಿಯುವ ಹೆಪ್ಟೇನ್‌ಗೆ 0 ಎಂದು ಅಂಕ ಕೊಟ್ಟು, ಅವುಗಳ ಯಾವ ಪ್ರಮಾಣದ ಮಿಶ್ರಣದಷ್ಟು ಪೆಟ್ರೋಲ್ ತಡೆದುಕೊಳ್ಳುತ್ತದೆ ಎಂಬುದನ್ನು ನೋಡಿ ಈ ಸಂಖ್ಯೆಯನ್ನು ನಿರ್ಧರಿಸುತ್ತಾರೆ. ಆಕ್ಟೇನ್ ಹೆಚ್ಚಿದ್ದರೆ ಶಕ್ತಿಯೂ ಹೆಚ್ಚಿರಬೇಕೆಂದೇನಿಲ್ಲ ಎನ್ನುವುದಕ್ಕೆ ಎಥನಾಲೇ ಸಾಕ್ಷಿ: ಅದರ ಆಕ್ಟೇನ್ ಪೆಟ್ರೋಲಿಗಿಂತ ಹೆಚ್ಚು, ಆದರೆ ಲೀಟರಿಗೆ ಸಿಗುವ ಶಕ್ತಿ ಸುಮಾರು ಮೂರನೆಯ ಒಂದು ಪಾಲು ಕಡಿಮೆ.

ಮಿಶ್ರಣವನ್ನು ಬಲವಾಗಿ ಒತ್ತುವ ಎಂಜಿನ್‌ಗೆ, ಅದರಲ್ಲೂ ಟರ್ಬೊ ಇರುವುದಕ್ಕೆ, ಈ ತಾಳ್ಮೆ ಬೇಕಾಗುತ್ತದೆ. ನಾಕ್ ಸೆನ್ಸರ್ ಇರುವ ಕಾರುಗಳಲ್ಲಿ ಸಿಡಿತದ ಸುಳಿವು ಸಿಕ್ಕಿದೊಡನೆ ಕಂಪ್ಯೂಟರ್ ಕಿಡಿಯನ್ನು ತುಸು ತಡವಾಗಿಸುತ್ತದೆ. ಸದ್ದು ಕೇಳಿಸುವುದಿಲ್ಲ, ಆದರೆ ಪಿಕಪ್ ಕುಗ್ಗುತ್ತದೆ. ಅಂಥ ಕಾರಿಗೆ 95 ಹಾಕಿದರೆ ಕುಗ್ಗಿದ್ದು ಮರಳಿ ಬರಬಹುದು. ಟರ್ಬೊ ಇಲ್ಲದ, 91ಕ್ಕೆಂದೇ ರೂಪಿಸಿದ ಸಣ್ಣ ಎಂಜಿನ್ ಸರಿಯಾಗಿ ಓಡುತ್ತಿರುವಾಗ, ಹೆಚ್ಚುವರಿ ಆಕ್ಟೇನನ್ನು ಬಳಸಿಕೊಳ್ಳುವ ದಾರಿಯೇ ಅದಕ್ಕಿರುವುದಿಲ್ಲ.

ಲೆಕ್ಕವನ್ನೂ ನೋಡಿ. ಸಾಮಾನ್ಯ ಪೆಟ್ರೋಲಿಗೆ 103 ರೂಪಾಯಿ, ಪ್ರೀಮಿಯಂಗೆ 111 ಎಂದಿಟ್ಟುಕೊಂಡರೆ, ಲೀಟರಿಗೆ 18 ಕಿಲೋಮೀಟರ್ ಕೊಡುವ ಕಾರು 19.4 ಕೊಟ್ಟರೆ ಮಾತ್ರ ಹಾಕಿದ ಹಣ ಹುಟ್ಟುತ್ತದೆ. ಬಂಕಿನ ಮಾತಿನಿಂದ ಅಷ್ಟು ಏರುವುದಿಲ್ಲ! ಪ್ರೀಮಿಯಂನಲ್ಲಿ ಬೆರೆಸುವ ಶುಚಿಕಾರಕಗಳು ಇಂಜೆಕ್ಟರ್‌ಗಳಿಗೆ ಒಳ್ಳೆಯದು ಎಂಬುದನ್ನು ಒಪ್ಪುತ್ತೇನೆ. ಆದರೆ ಅದಕ್ಕಾಗಿ ಪ್ರತಿ ಬಾರಿಯೂ ಹಣ ತೆರಬೇಕಿಲ್ಲ.

ನಿಮ್ಮ ಕಾರಿನ ಸದ್ದಿಗೆ ನನ್ನ ಮೊದಲ ಅನುಮಾನ ಗೇರಿನ ಮೇಲೆ. ತುಂಬಿದ ಕಾರನ್ನು ತಿರುವಿನ ನಂತರವೂ ಮೂರನೇ ಗೇರಿನಲ್ಲೇ ಎಳೆಸಿ ಆಕ್ಸಲರೇಟರ್ ಒತ್ತಿದರೆ, ನಿಧಾನವಾಗಿ ತಿರುಗುತ್ತಿರುವ ಎಂಜಿನ್ನಿನ ಮೇಲೆ ಪೂರ್ಣ ಭಾರ ಬಿದ್ದು, ಮಿಶ್ರಣಕ್ಕೆ ತಾನಾಗಿ ಸಿಡಿಯಲು ಬೇಕಾದಷ್ಟು ಸಮಯ ಸಿಗುತ್ತದೆ. ಎರಡನೆಯದಕ್ಕೆ ಇಳಿಸಿ ನೋಡಿ. ಸದ್ದು ಆಗಲೂ ನಿಲ್ಲದಿದ್ದರೆ ಸ್ಪಾರ್ಕ್ ಪ್ಲಗ್, ಕೂಲಂಟ್ ಮಟ್ಟ, ರೇಡಿಯೇಟರ್ ಫ್ಯಾನ್ ಮತ್ತು ಸಿಲಿಂಡರಿನಲ್ಲಿ ಕಟ್ಟಿದ ಮಸಿಯನ್ನು ಪರೀಕ್ಷಿಸಲು ಹೇಳಿ. ಹತ್ತು ವರ್ಷ ದಾಟಿದ ಎಂಜಿನ್ನಿನಲ್ಲಿ ಮಸಿ ದಪ್ಪಗಾದಷ್ಟೂ ಜಾಗ ಕಿರಿದಾಗಿ ಒತ್ತಡ ಏರುತ್ತದೆ, ಆಕ್ಟೇನಿನ ಅಗತ್ಯವೂ ಏರುತ್ತದೆ.

ರಿಪೇರಿಯಾಗುವವರೆಗೆ, ಘಾಟಿ ಹತ್ತುವ ಮುನ್ನ ಒಂದು ಟ್ಯಾಂಕ್ 95 ಹಾಕಿಸುವುದರಲ್ಲಿ ತಪ್ಪಿಲ್ಲ. ಹಳೆಯ ಪೆಟ್ರೋಲ್ ಉಳಿದಿದ್ದರೂ ಅದರ ಮೇಲೆಯೇ ಹಾಕಿಸಬಹುದು, ಎರಡೂ ಬೆರೆತರೆ ತೊಂದರೆಯಿಲ್ಲ.