ವರ್ಚುವಾ ಕಾಪ್ ಹಿಂದೆ ಯಾರಿದ್ದರು?

ಪ್ರಶ್ನೆ: ಕಾಲೇಜಿನ ದಿನಗಳಲ್ಲಿ ಸೈಬರ್ ಕೆಫೆಗೆ ಹೋಗಿ ವರ್ಚುವಾ ಕಾಪ್ 2 ಆಡುತ್ತಿದ್ದೆವು. ಅದನ್ನು ಸೆಗಾದ 'ಎಎಂ2' ಮಾಡಿದ್ದು ಅಂತ ಮೊನ್ನೆ ಓದಿದೆ. ಅದು ಬೇರೆ ಕಂಪನಿನಾ?
- ಓದುಗರೊಬ್ಬರು, ದಾವಣಗೆರೆ

ಉತ್ತರ: ಬೇರೆ ಕಂಪನಿ ಅಲ್ಲ, ಜಪಾನಿನ ವಿಡಿಯೋ ಗೇಮ್ ಕಂಪನಿ ಸೆಗಾ ಒಳಗಿನ ಒಂದು ವಿಭಾಗ. ಎಎಂ ಅಂದರೆ ಅಮ್ಯೂಸ್‌ಮೆಂಟ್ ಮಷೀನ್, ಕಾಯಿನ್ ಹಾಕಿ ಆಡುವ ದೊಡ್ಡ ಯಂತ್ರ. ನಿಮ್ಮ ವರ್ಚುವಾ ಕಾಪ್ ಕೂಡ ಮೊದಲು ಅಂಥ ಯಂತ್ರವೇ. ಅಲ್ಲಿ ಪ್ಲಾಸ್ಟಿಕ್ ಪಿಸ್ತೂಲು ಹಿಡಿದು ಪರದೆಗೆ ಗುರಿ ಇಡಬೇಕಿತ್ತು, ನಾವು ಇಲ್ಲಿ ಮೌಸ್‌ನಲ್ಲಿ ಆಡಿದ್ದು ಅದರ ಪಿಸಿ ರೂಪ. ಕಳ್ಳನ ಸುತ್ತ ಹಸಿರು ವೃತ್ತ ಬಂದು, ಹಳದಿಯಾಗಿ, ಕೆಂಪಾಗುವಷ್ಟರಲ್ಲಿ ಹೊಡೆಯದಿದ್ದರೆ ಗುಂಡು ನಮಗೇ ಬೀಳುತ್ತಿತ್ತು, ನೆನಪಿದೆ ಅಲ್ವಾ?

ಈ ವಿಭಾಗದ ಜೀವಾಳ ಆಟಗಳನ್ನು ರೂಪಿಸುತ್ತಿದ್ದ ಯು ಸುಜುಕಿ. 1983ರಲ್ಲಿ ಸೆಗಾ ಸೇರಿದರು. ಎರಡೇ ವರ್ಷಕ್ಕೆ, 1985ರಲ್ಲಿ, ಹ್ಯಾಂಗ್-ಆನ್ ಬಂತು. ಅದರ ದೊಡ್ಡ ಯಂತ್ರದಲ್ಲಿ ನಿಜವಾದ ಬೈಕಿನ ಗಾತ್ರದ ಗಾಡಿ ಇತ್ತು. ಅದರ ಮೇಲೆ ಕೂತು, ತಿರುವು ಬಂದಾಗ ಮೈಭಾರ ಹಾಕಿ ಇಡೀ ಗಾಡಿಯನ್ನೇ ಎಡಕ್ಕೋ ಬಲಕ್ಕೋ ವಾಲಿಸಬೇಕು. ನನ್ನ ಪ್ರಕಾರ ಇವರ ನಿಜವಾದ ದೊಡ್ಡತನ ಇಲ್ಲೇ ಇರೋದು: ಆಟ ಬೇರೆ, ಯಂತ್ರ ಬೇರೆ ಅಂತ ಇವರು ಯೋಚಿಸಲೇ ಇಲ್ಲ.

1986ರ ಔಟ್ ರನ್ ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟ. ಅದಕ್ಕಾಗಿ ಸುಜುಕಿ ಯುರೋಪಿನಲ್ಲಿ ಬಾಡಿಗೆ ಕಾರಿನಲ್ಲಿ ಸುತ್ತಾಡಿ ರಸ್ತೆ, ಸಮುದ್ರ, ಬೆಟ್ಟ ಎಲ್ಲ ನೋಡಿಕೊಂಡು ಬಂದರು. ಆಟ ಶುರುವಾಗುವ ಮೊದಲು ಕಾರಿನ ರೇಡಿಯೋ ತಿರುಗಿಸಿ ಮೂರರಲ್ಲಿ ಒಂದು ಟ್ಯೂನ್ ಆರಿಸಿಕೊಳ್ಳಬಹುದು. ಆಮೇಲೆ ಪ್ರತಿ ಹಂತದ ಕೊನೆಗೆ ರಸ್ತೆ ಕವಲೊಡೆಯುತ್ತದೆ, ಎಡವೋ ಬಲವೋ ನಿಮ್ಮಿಷ್ಟ, ಹಾಗಾಗಿ ಒಟ್ಟು 15 ಹಂತ ಇದ್ದರೂ ಒಂದು ಸಲಕ್ಕೆ ನೋಡೋದು ಐದೇ. ಯಾರನ್ನೂ ಸೋಲಿಸಬೇಕಿಲ್ಲ. ಟೈಮ್ ಮುಗಿಯೋದರೊಳಗೆ ಸುಮ್ನೆ ಓಡಿಸಬೇಕು.

ಆಗಿನ ಈ ಆಟಗಳಲ್ಲಿ ನಿಜವಾದ 3ಡಿ ಇರಲಿಲ್ಲ. ದೂರದ ಮರ ಒಂದು ಚಿಕ್ಕ ಚಪ್ಪಟೆ ಚಿತ್ರ, ಅದನ್ನೇ ಸರಸರನೆ ದೊಡ್ಡದು ಮಾಡಿದರೆ ಮರ ನಮ್ಮತ್ತ ನುಗ್ಗಿ ಬಂದಂತೆ ಕಾಣುತ್ತದೆ. ನಿಜವಾದ 3ಡಿಗೆ ದಾಟಿದ್ದು 1992ರ ವರ್ಚುವಾ ರೇಸಿಂಗ್‌ನಲ್ಲಿ. ಮರುವರ್ಷ ವರ್ಚುವಾ ಫೈಟರ್ ಬಂತು. ಮೈಯೆಲ್ಲ ಮೂಲೆ ಮೂಲೆಯಾಗಿ ಕಾಣುವ ಜಟ್ಟಿಗಳು, ಬಟನ್ ಮೂರೇ: ಹೊಡೆತ, ಒದೆ, ತಡೆ. ಆದರೆ ಅವರು ಬೀಳೋದು, ಏಳೋದು ಥೇಟ್ ಮನುಷ್ಯರ ಹಾಗೇ ಇತ್ತು. ಆಮೇಲೆ ಡೇಟೋನಾ ಯುಎಸ್ಎ, ಎಂಟು ಯಂತ್ರ ಜೋಡಿಸಿ ಎಂಟು ಜನ ಒಟ್ಟಿಗೆ ರೇಸ್ ಓಡಿಸಬಹುದಿತ್ತು. 1994ರಲ್ಲಿ ಮೊದಲ ವರ್ಚುವಾ ಕಾಪ್, ಮರುವರ್ಷ ನಿಮ್ಮ ಎರಡನೆಯದು.

ಪ್ರಶ್ನೆ: ಎಎಂ2 ಕಾಯಿನ್ ಹಾಕಿ ಆಡುವ ಆರ್ಕೇಡ್ ಆಟ ಮಾತ್ರ ಮಾಡುತ್ತಿತ್ತಾ? ಸುಜುಕಿ ಈಗಲೂ ಅಲ್ಲೇ ಇದ್ದಾರಾ?
- ಇನ್ನೊಬ್ಬ ಓದುಗರು, ಮೈಸೂರು

ಉತ್ತರ: ಇಲ್ಲ, ಸುಜುಕಿ 2011ರಲ್ಲಿ ಸೆಗಾ ಬಿಟ್ಟರು. ಎಎಂ2 ಹೆಸರು ಆಮೇಲೂ ಉಳಿಯಿತು, 2021ರಲ್ಲಿ ವರ್ಚುವಾ ಫೈಟರ್ 5 ಹೊಸ ರೂಪದಲ್ಲಿ ಬಂದಾಗಲೂ ಅದರಲ್ಲಿ ಎಎಂ2ನವರ ಕೈ ಇತ್ತು. ಮನೆಯಲ್ಲಿ ಆಡುವ ಆಟವನ್ನೂ ಮಾಡಿದ್ದಾರೆ. 1999ರಲ್ಲಿ ಸೆಗಾದ್ದೇ ಮನೆಯ ಗೇಮ್ ಯಂತ್ರ ಡ್ರೀಮ್‌ಕಾಸ್ಟ್‌ಗೆ ಬಂದ ಶೆನ್ಮೂ ಆ ಕಾಲದ ಅತಿ ದುಬಾರಿ ಆಟಗಳಲ್ಲಿ ಒಂದು. ಕಥೆ ನಡೆಯೋದು 1986ರ ಯೊಕೊಸುಕಾ ಊರಿನಲ್ಲಿ. ಅಪ್ಪನನ್ನು ಕೊಂದವನನ್ನು ಹುಡುಕುತ್ತಿರುವ ಕಥಾನಾಯಕ ರ್ಯೋ ಅಲ್ಲಿನ ಒಂದು ಗೇಮ್ ಅಂಗಡಿಗೆ ಹೋಗಬಹುದು. ಒಳಗೆ ಹ್ಯಾಂಗ್-ಆನ್ ಯಂತ್ರ ಇದೆ. ಕಾಯಿನ್ ಹಾಕಿದರೆ ಪೂರ್ತಿ ಆಡಲೂಬಹುದು.