ತುಕ್ಕು ಹಿಡಿದ ಕಂಬಿಗೆ ಕಾಂಕ್ರೀಟ್ ಹಿಡಿಯುತ್ತದೆಯೇ?

ಪ್ರಶ್ನೆ: ಹಣದ ಅಡಚಣೆಯಿಂದ ನಮ್ಮ ಮನೆ ಕೆಲಸ ಎಂಟು ತಿಂಗಳು ನಿಂತಿತ್ತು. ಮೇಲಂತಸ್ತಿಗೆಂದು ಬಿಟ್ಟಿದ್ದ ಪಿಲ್ಲರ್ ಕಂಬಿಗಳು ಮಳೆಗೆ ಸಿಕ್ಕಿ ಕೆಂಪಾಗಿವೆ. ಇವುಗಳಿಗೆ ಕಾಂಕ್ರೀಟ್ ಸರಿಯಾಗಿ ಹಿಡಿಯುತ್ತದೆಯೇ? ಸಿಮೆಂಟ್ ಹಾಲು ಬಳಿದರೆ ಸಾಕು ಎನ್ನುತ್ತಾರೆ ಮೇಸ್ತ್ರಿ.
– ಓದುಗರು, ಹಾಸನ

ಉತ್ತರ: ಒಂದು ಗೋಣಿಚೀಲದ ತುಂಡಿನಿಂದ ಕಂಬಿಯನ್ನು ಬಿಗಿಯಾಗಿ ಉಜ್ಜಿ ನೋಡಿ. ಗೋಣಿಗೆ ಕೆಂಪು ಪುಡಿಯಷ್ಟೇ ಅಂಟಿ, ಕಂಬಿಯ ಮೈ ಒರಟಾಗಿ, ಗಟ್ಟಿಯಾಗಿ ಉಳಿದರೆ ಚಿಂತೆ ಬೇಡ. ಅಂಥ ತೆಳು ತುಕ್ಕಿನಿಂದ ಹಿಡಿತ ಕುಗ್ಗುವುದಿಲ್ಲ. ಹಪ್ಪಳದಂತೆ ಚಕ್ಕೆ ಏಳುತ್ತಿದ್ದರೆ ಮಾತ್ರ ತಂತಿ ಬ್ರಷ್ಷಿನಿಂದ ಕೆರೆದು, ಕಂಬಿಯ ದಪ್ಪ ಎಷ್ಟು ಉಳಿದಿದೆ, ಉಬ್ಬುಗೆರೆಗಳು ಸವೆದಿವೆಯೇ ಎಂದು ಎಂಜಿನಿಯರ್‌ಗೆ ತೋರಿಸಿ.

ಕಾಂಕ್ರೀಟು ಕಂಬಿಗೆ ಗೋಂದಿನಂತೆ ಅಂಟಿಕೊಂಡಿರುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಆ ಅಂಟು ಇರುವುದು ನಿಜ. ಆದರೆ ಕಂಬಿ ಕೂದಲೆಳೆಯಷ್ಟು ಜಾರಿದರೂ ಅದು ಬಿಟ್ಟುಹೋಗುತ್ತದೆ. ಆಮೇಲೆ ತಡೆದು ನಿಲ್ಲಿಸುವುದು ಉಬ್ಬುಗೆರೆಗಳು. ಅವುಗಳ ಸಂದಿನಲ್ಲಿ ಗಟ್ಟಿಯಾದ ಗಾರೆ ಕಂಬಿಯನ್ನು ಕಚ್ಚಿ ಹಿಡಿಯುತ್ತದೆ. ಕಾಂಕ್ರೀಟ್ ಕಟ್ಟಡಗಳಿಗೆ ಭಾರತದ ಮಾನಕವಾದ ಐಎಸ್ 456 ಸಂಹಿತೆ, ಎಂ20 ಎಂಬ ಶಕ್ತಿದರ್ಜೆಯ ಕಾಂಕ್ರೀಟಿನಲ್ಲಿ ನುಣುಪು ಕಂಬಿಗೆ ಚದರ ಮಿ.ಮೀ.ಗೆ 1.2 ನ್ಯೂಟನ್ ಹಿಡಿತವನ್ನು ಲೆಕ್ಕಕ್ಕೆ ತೆಗೆದುಕೊಂಡು, ಗೆರೆಯುಳ್ಳ ಕಂಬಿಗೆ ಶೇ 60ರಷ್ಟು ಹೆಚ್ಚು ಕೊಡುವುದು ಇದಕ್ಕಾಗಿಯೇ.

ಈ ಸಂದುಗಳಲ್ಲಿ ಗಾರೆ ಕೂರದಂತೆ ಮಾಡುವ ಮಣ್ಣು, ಬಣ್ಣ, ಸೆಂಟ್ರಿಂಗ್ ಎಣ್ಣೆಗಳಿಗೆ ಹೆದರಬೇಕು. ಸಿಮೆಂಟ್ ಹಾಲಿನ ವಿಷಯವೂ ಹಾಗೆಯೇ. ಕೆಲಸ ನಿಂತಾಗಲೇ ಬಳಿದಿದ್ದರೆ ತುಕ್ಕಿಗೆ ಒಂದಿಷ್ಟು ತಡೆಯಾಗುತ್ತಿತ್ತು. ಈಗ ಬಳಿದು ಒಣಗಲು ಬಿಟ್ಟರೆ, ಪುಡಿಯಾಗಿ ಉದುರುವ ಪದರವೊಂದು ನಡುವೆ ಉಳಿಯುತ್ತದೆ. ಬೇಡ. ಕಾಂಕ್ರೀಟ್ ಸುರಿಯುವಾಗ ಅದನ್ನು ಅದುರಿಸಿ ಕೂರಿಸುವ ವೈಬ್ರೇಟರ್ ಚೆನ್ನಾಗಿ ಆಡಿಸಿದರೆ ಗೆರೆಗಳ ಸಂದಿಗೆ ಗಾರೆ ತಾನೇ ಇಳಿಯುತ್ತದೆ.

ನೀವು ಕೇಳದ ಒಂದು ಮಾತು ಹೇಳುತ್ತೇನೆ. ಮೇಲಕ್ಕೆ ಬಿಟ್ಟ ಕಂಬಿ ಎಷ್ಟು ಉದ್ದವಿದೆ? ಎಂ20 ಕಾಂಕ್ರೀಟಿನಲ್ಲಿ ಎಳೆತಕ್ಕೆ ಸಿಕ್ಕುವ 12 ಮಿ.ಮೀ. ದಪ್ಪದ, ಎಫ್‌ಇ500 ಎಂಬ ಉಕ್ಕಿನ ದರ್ಜೆಯ ಕಂಬಿ ತನ್ನ ವ್ಯಾಸದ 57 ಪಟ್ಟು, ಅಂದರೆ ಸುಮಾರು 680 ಮಿ.ಮೀ. ಹೂತಿರಬೇಕು. ಹಳೆಯ ಕಂಬಿಯಿಂದ ಹೊಸ ಕಂಬಿಗೆ ಭಾರ ದಾಟುವುದು ಅವುಗಳ ಸುತ್ತಲಿನ ಕಾಂಕ್ರೀಟಿನ ಮೂಲಕ. ಬೈಂಡಿಂಗ್ ತಂತಿ ಅವುಗಳನ್ನು ಜಾಗದಲ್ಲಿ ನಿಲ್ಲಿಸುತ್ತದೆ, ಅಷ್ಟೇ. ಒಂದಡಿ ಜೋಡಿಸಿ ಮೂರು ಸುತ್ತು ತಂತಿ ಬಿಗಿದ ಪಿಲ್ಲರ್‌ಗಳನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಟೇಪು ಹಿಡಿದು ನೀವೇ ಅಳೆಯಿರಿ. 12 ಮಿ.ಮೀ. ಕಂಬಿ ಎರಡೂಕಾಲು ಅಡಿಗಿಂತ ಕಡಿಮೆ ಇದ್ದರೆ ಎಂಜಿನಿಯರ್ ಬಂದು ನೋಡುವವರೆಗೆ ಕೆಲಸ ಮುಂದುವರಿಸಬೇಡಿ.